ನಿಮ್ಮ ಖಾತೆ ಇನ್ನೊಂದು ಕಡೆ ತೆರೆದಿದೆ

ಹೋದ ತಿಂಗಳು ದಾವಣಗೆರೆಯಿಂದ ಚಳ್ಳಕೆರೆಗೆ ಹೊರಟಿದ್ದೆ. ಜಗಳೂರು ಇನ್ನೂ ಸ್ವಲ್ಪ ದೂರ ಇರುವಾಗಲೇ ಬಸ್ಸಿನ ಕಿಟಕಿಯಿಂದ ಹಸಿ ಮೆಕ್ಕೆಜೋಳದ ವಾಸನೆ ಬಂತು. ಹಿಂದಿನ ದಿನ ಮಳೆ ಬಿದ್ದಿತ್ತೇನೋ, ರಸ್ತೆಯ ಒಂದು ಬದಿಯಲ್ಲಿ ಹರವಿದ್ದ ಕಾಳನ್ನು ಹೆಂಗಸರು ಕಾಲಿನಿಂದ ಸಾಲು ಎಳೆಯುತ್ತ ತಿರುವಿ ಹಾಕುತ್ತಿದ್ದರು. ಬಿಸಿಲಿಗೆ ಒಣಗುವ ಮೆಕ್ಕೆಜೋಳದ ವಾಸನೆಯೇ ಬೇರೆ. ಒಣಗಲಾರದೆ ರಾಶಿಯ ಒಳಗೇ ಬೆಚ್ಚಗಾಗುವ ಕಾಳಿನ ವಾಸನೆ ಬೇರೆ. ಅದು ಸ್ವಲ್ಪ ಹುಳಿ, ಮೂಗಿನಲ್ಲಿ ಬಹಳ ಹೊತ್ತು ಉಳಿಯುತ್ತದೆ. ಆ ವಾಸನೆ ಬಂದರೆ ಸಾಕು, ಜಗಳೂರಿನಲ್ಲಿ ನಾನು ಕಳೆದ ಒಂದು ವರ್ಷ ಎದುರಿಗೆ ಬಂದು ಕೂರುತ್ತದೆ.

ಅಲ್ಲಿ ಒಂದು ಖಾಸಗಿ ಗೋದಾಮಿನಲ್ಲಿ ಮೆಕ್ಕೆಜೋಳದ ತೇವ ನೋಡುವುದು ನನ್ನ ಕೆಲಸವಾಗಿತ್ತು. ಚೀಲಕ್ಕೆ ಸೂಜಿಯಂಥ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯಬೇಕು, ಯಂತ್ರಕ್ಕೆ ಸುರಿಯಬೇಕು, ಅದು ತೋರಿಸಿದ್ದನ್ನು ಗಟ್ಟಿಯಾಗಿ ಓದಬೇಕು. ತೇವ ಹೆಚ್ಚಿದ್ದರೆ ಮಾಲು ವಾಪಸ್ಸು. ಇಡೀ ದಿನ ನಾನು ಜನರ ಜೊತೆ ಆಡುತ್ತಿದ್ದ ಮಾತೆಂದರೆ ಆ ಅಂಕಿಯೊಂದೇ. ಬಿಳಿಚೋಡಿನ ಕಡೆಯ ಒಬ್ಬ ಅಜ್ಜಿ ಮಾತ್ರ ಪ್ರತಿ ಸಲ ಯಂತ್ರವನ್ನು ಬಗ್ಗಿ ನೋಡಿ, "ಅವ್ವಾ, ನಿನ್ನ ಮಿಷನ್ನಿಗೆ ಸ್ವಲ್ಪ ಹೇಳವ್ವ, ನಮ್ಮದು ಒಣಗೈತೆ ಅಂತ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಅಜ್ಜಿ ಹೋದ ಮೇಲೆ ಮತ್ತೆ ಅಂಕಿ.

ನಮ್ಮದು ಹೊನ್ನಾಳಿ. ಹತ್ತಿ ಹಿಂಜಿ ಹಾಸಿಗೆ, ದಿಂಬು ತುಂಬುವ ಮನೆತನ. ಹೆಸರುಗಳು ಮುಸಲ್ಮಾನರವು, ಮನೆಮಾತು ಕನ್ನಡ. ಅಪ್ಪ ಬೇಗ ಹೋದರು. ಅಂಗಡಿಯನ್ನು ಅಣ್ಣ ದಾದಾಪೀರ್ ವಹಿಸಿಕೊಂಡ. ಅವನು ಕಾಲೇಜು ಬಿಟ್ಟಿದ್ದು ನಾನು ಓದಲಿ ಎಂದು. ಅದನ್ನು ಅವನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ಲಾಕ್‌ಡೌನ್ ಬಂದಾಗ ಅಂಗಡಿಗೆ ಬೀಗ ಬಿತ್ತು. ಮದುವೆಗಳಿಲ್ಲ, ಹಾಸಿಗೆ ಯಾರಿಗೆ ಬೇಕು? ಆ ತಿಂಗಳುಗಳಲ್ಲಿ ಅಣ್ಣ ನಾನು ಸೇರಿ ನನ್ನ ಲ್ಯಾಪ್‌ಟಾಪಿಗೆ ಒಂದು ಆಟ ಕೊಂಡೆವು. ವ್ಯಾಪಾರದ ಆಟ. ಬೀದಿಯಲ್ಲಿ ಒಂದು ಅಂಗಡಿಯಿಂದ ಶುರುಮಾಡಿ ಕಾರ್ಖಾನೆ, ಉಗ್ರಾಣ, ಲಾರಿ ಎಂದು ಬೆಳೆಸುತ್ತ ಹೋಗಬೇಕು. ನಾವು ಅದನ್ನು ಪೇಟೆ ಆಟ ಎನ್ನುತ್ತಿದ್ದೆವು. ನಿಜವಾದ ಅಂಗಡಿ ಮುಚ್ಚಿದ್ದ ಅಣ್ಣ ಆ ಆಟದಲ್ಲಿ ದಿನಾ ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದ. ನನಗೆ ಎಲ್ಲವನ್ನೂ ದೊಡ್ಡದು ಮಾಡುವ ಆತುರ, ಅವನಿಗೆ ಎಲ್ಲದಕ್ಕೂ ತಡೆ. "ತಿನ್ನೋ ಮಾಲಿನ ತಂಟೆಗೆ ಹೋಗಬ್ಯಾಡ, ಕೊಳೀತೈತೆ. ಬಟ್ಟೆ, ಹತ್ತಿ, ಕಟ್ಟಿಗೆ, ಇಷ್ಟು ಸಾಕು" ಎನ್ನುತ್ತಿದ್ದ. ಅಮ್ಮ ಬಾಗಿಲಲ್ಲಿ ಕೂತು, "ಅಲ್ಲೂ ಹತ್ತೀನೇ ಮಾರ್ತೀಯಲ್ಲೋ" ಎಂದು ನಗುತ್ತಿದ್ದಳು.

ಆ ಆಟಕ್ಕೆ ಒಂದು ವಿಚಿತ್ರ ಕಟ್ಟುಪಾಡಿತ್ತು. ಆಡುವವರು ಒಬ್ಬರೇ ಆದರೂ ಇಂಟರ್ನೆಟ್ ಸದಾ ಇರಬೇಕು. ಇದು ದುಡ್ಡು ಕೊಟ್ಟು ಕೊಂಡ ಆಟ, ಕಳ್ಳ ನಕಲಲ್ಲ ಎಂದು ಅದು ಎಲ್ಲೋ ಇರುವ ಕಂಪನಿಯ ಸರ್ವರಿಗೆ ನಿಮಿಷ ನಿಮಿಷಕ್ಕೂ ಹಾಜರಿ ಹಾಕುತ್ತಿರಬೇಕು. ನೆಟ್ ಹೋದರೆ ಪೇಟೆ ಹೋಯಿತು. ನಾವು ಕಟ್ಟಿದ್ದೆಲ್ಲ ಉಳಿಯುತ್ತಿದ್ದದ್ದೂ ನಮ್ಮ ಲ್ಯಾಪ್‌ಟಾಪಿನಲ್ಲಲ್ಲ, ಆ ಸರ್ವರಿನಲ್ಲಿ. ಯಾವ ಕಂಪ್ಯೂಟರಿನಿಂದ ಹೋದರೂ ಅದೇ ಪೇಟೆ ಸಿಗುತ್ತಿತ್ತು, ಆದರೆ ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ. ಇನ್ನೊಬ್ಬರು ಬೇರೆ ಕಡೆಯಿಂದ ಒಳಗೆ ಬಂದರೆ ಮೊದಲು ಇದ್ದವರು ಹೊರಗೆ. ಮೊಬೈಲ್ ಅಂಗಡಿಯ ಗೆಳೆಯನೊಬ್ಬ, "ದುಡ್ಡು ಕೊಟ್ಟು ಜೈಲು ಕೊಂಡೀರಲ್ಲೋ" ಎಂದು ಅಣ್ಣನನ್ನು ಆಡಿಕೊಂಡಿದ್ದ. ಆಗ ಇದೆಲ್ಲ ನಮಗೆ ತಲೆನೋವಾಗಿರಲಿಲ್ಲ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದೆವು.

ಮರುವರ್ಷ ಅಮ್ಮ ತೀರಿಕೊಂಡಳು. ಅದಾಗಿ ಕೆಲವು ತಿಂಗಳಿಗೆ ಅಣ್ಣ ತನ್ನ ಆ ಮೊಬೈಲ್ ಅಂಗಡಿಯ ಗೆಳೆಯನಿಗೇ ನನ್ನನ್ನು ಕೊಡುವುದಾಗಿ ಮಾತು ಕೊಟ್ಟು ಬಂದ. ನಾನು ಒಲ್ಲೆ ಎಂದೆ.

"ನಾಲ್ಕು ಮಂದಿ ಮುಂದೆ ಮಾತು ಕೊಟ್ಟೀನಿ ನಾನು" ಎಂದ.

"ಮಾತು ಕೊಟ್ಟೋನು ನೀನು. ಬಾಳುವೆ ಮಾಡಾಕೆ ನಾನಾ?"

ಅವನು ಕೂಗಾಡಲಿಲ್ಲ. ಗೋಡೆಯ ಕಡೆ ನೋಡಿ, "ಹಂಗಾದ್ರೆ ನಿನಗೆ ಅಣ್ಣ ಇಲ್ಲ ಅಂತ ತಿಳ್ಕೋ" ಎಂದ. ನಾನು ಜಗಳೂರಿನ ಕೆಲಸ ಹಿಡಿದು ಹೊರಟೆ. ಹಳೆಯ ಲ್ಯಾಪ್‌ಟಾಪ್ ಮನೆಯಲ್ಲೇ ಉಳಿಯಿತು. ಜಗಳೂರಿಗೆ ಬಂದ ಮೇಲೆ ಎರಡು ಮೂರು ಸಲ ಅಣ್ಣನಿಗೆ ಫೋನ್ ಮಾಡಿದೆ, ಕರೆ ಹೋಗಲೇ ಇಲ್ಲ. ನನ್ನ ನಂಬರನ್ನು ಅವನು ತಡೆದಿದ್ದಾನೆ ಎಂದು ಅರ್ಥವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಮುಂಗಾರು ಶುರುವಾಗುವ ಹೊತ್ತಿಗೆ ಅವನ ಮದುವೆಯಾಯಿತು. ಹುಡುಗಿ ಚನ್ನಗಿರಿಯವಳು ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ನನ್ನನ್ನು ಕರೆಯಲಿಲ್ಲ.

ಜಗಳೂರಿನಲ್ಲಿ ಮುಂಗಾರು ಎಂದರೆ ಮಳೆಗಿಂತ ಗಾಳಿಯೇ ಹೆಚ್ಚು. ಮೋಡ ತಲೆಯ ಮೇಲೆ ಹಾದು ಬೇರೆ ಯಾರದೋ ಊರಿಗೆ ಹೋಗುತ್ತದೆ. ಊರಾಚೆ ದಿಬ್ಬದ ಮೇಲಿನ ಗಾಳಿಯಂತ್ರಗಳು ಹಗಲೆಲ್ಲ ತಿರುಗುತ್ತವೆ. ನಾನು ಬಾಡಿಗೆಗಿದ್ದದ್ದು ತಿಪ್ಪಮ್ಮ ಎನ್ನುವವರ ಮನೆಯ ಮಹಡಿಯ ಕೋಣೆಯಲ್ಲಿ. ತಿಪ್ಪಮ್ಮ ಖಾನಾವಳಿಗಳಿಗೆ ರೊಟ್ಟಿ ತಟ್ಟಿ ಕೊಡುತ್ತಿದ್ದರು. ಕೋಣೆ ತೋರಿಸಿದ ದಿನ, "ನೀನು ಏನಾರ ಬೇಯಿಸ್ಕೋ, ಏನಾರ ಉಣ್ಣು. ಬಾಗಿಲಿಗೆ ಒಳಗಿಂದ ಚಿಲಕ ಹಾಕ್ಕೋ, ಅಷ್ಟೇ" ಎಂದಿದ್ದರು. ಒಳ್ಳೆಯವರು. ಆದರೆ ನಸುಕಿನಿಂದ ಒಲೆಯ ಮುಂದೆ ಇರುವವರಿಗೆ ಮಾತಿಗೆ ಪುರುಸೊತ್ತೆಲ್ಲಿ? ಅವರ ರೊಟ್ಟಿ ತಟ್ಟುವ ಸದ್ದು ಕೇಳುತ್ತ ನಾನು ಮೇಲೆ ಒಬ್ಬಳೇ ಚಹಾ ಕುಡಿಯುತ್ತಿದ್ದೆ. ಭಾನುವಾರಗಳಂದು ಬೆಳಗಿನಿಂದ ಸಂಜೆಯ ತನಕ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಒಮ್ಮೆ ಅಂಗಡಿಗೆ ಹೋಗಿ ಸೋಪು ಕೇಳುವ ಮೊದಲು ಎರಡು ಸಲ ಕೆಮ್ಮಿ ದನಿ ತಂದುಕೊಳ್ಳಬೇಕಾಯಿತು.

ಅಂಥ ಒಂದು ಭಾನುವಾರ, ಇತ್ತೀಚೆಗೆ ಕೊಂಡಿದ್ದ ಇನ್ನೊಂದು ಹಳೆ ಲ್ಯಾಪ್‌ಟಾಪಿನಲ್ಲಿ ಪೇಟೆ ಆಟವನ್ನು ಇಳಿಸಿಕೊಂಡೆ. ಕೋಣೆಯಲ್ಲಿ ಸಿಗ್ನಲ್ ನಿಲ್ಲುತ್ತಿರಲಿಲ್ಲ. ಮೆಟ್ಟಿಲ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಕೂತರೆ ಮಾತ್ರ ಸಿಗುತ್ತಿತ್ತು. ಪಾಸ್‌ವರ್ಡ್ ಅಮ್ಮನ ಹೆಸರು. ಅಣ್ಣ ಬದಲಿಸಿರುತ್ತಾನೆ ಎಂದುಕೊಂಡೇ ಒತ್ತಿದೆ. ಬಾಗಿಲು ತೆರೆಯಿತು.

ಪೇಟೆ ನಾವು ಬಿಟ್ಟಲ್ಲಿ ನಿಂತಿರಲಿಲ್ಲ. ಆಟದ ಒಳಗಿನ ಕಾಲ ಎಷ್ಟೋ ಮುಂದೆ ಹೋಗಿತ್ತು. ಅಣ್ಣ ಬೇಡವೆಂದರೂ ನಾನು ಹಟ ಹಿಡಿದು ಕಟ್ಟಿದ್ದ ಜಮಖಾನೆ ಕಾರ್ಖಾನೆಯನ್ನು ಕೆಡವಿರಲಿಲ್ಲ, ನಡೆಯುತ್ತಿತ್ತು. ಅದಕ್ಕೆ ನೂಲು ತರುವ ಲಾರಿಗಳು ಓಡಾಡುತ್ತಿದ್ದವು. ಯಾರೋ ದಿನವೂ ಬಂದು ನೋಡಿಕೊಂಡ ಪೇಟೆ ಅದು. ನನ್ನ ಮುಖ ನೋಡಲೊಲ್ಲದ ಅಣ್ಣ ನನ್ನ ಕಾರ್ಖಾನೆಯನ್ನು ಉಳಿಸಿದ್ದಾನೆ ಎಂದುಕೊಂಡು ನಾನು ಟ್ಯಾಂಕಿಗೆ ಒರಗಿ ಆ ಲಾರಿಗಳನ್ನೇ ನೋಡುತ್ತ ಕೂತೆ.

ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗಿ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ನಿಮ್ಮ ಖಾತೆ ಇನ್ನೊಂದು ಕಡೆ ತೆರೆದಿದೆ. ಅಲ್ಲಿಗೆ ನಾನು ಹೊರಗೆ.

ಅವಮಾನವಾಯಿತು. ಮನೆಯಿಂದ ಒಮ್ಮೆ ಹಾಕಿದ್ದು ಸಾಲದೇ? ಮತ್ತೆ ಪಾಸ್‌ವರ್ಡ್ ಒತ್ತಿ ಒಳಗೆ ಹೋದೆ. ಈಗ ಅವನು ಹೊರಗೆ. ಚಹಾ ಒಂದು ಗುಟುಕು ಕುಡಿಯುವಷ್ಟರಲ್ಲಿ ಮತ್ತೆ ನಾನು ಹೊರಗೆ. ಹೀಗೆ ಎಷ್ಟು ಸಲವೋ. ಬರಬರುತ್ತ ಸಿಟ್ಟು ಹೋಗಿ ನಗು ಬಂತು, ನಗುತ್ತಲೇ ಕಣ್ಣು ತುಂಬಿದವು. ಚಿಕ್ಕವರಿದ್ದಾಗ ಅಪ್ಪ ಹಿಂಜಿ ರಾಶಿ ಹಾಕಿದ ಹತ್ತಿಯ ಮೇಲೆ ಒಬ್ಬರನ್ನೊಬ್ಬರು ಹೀಗೇ ತಳ್ಳಾಡುತ್ತಿದ್ದೆವು.

ತಿಪ್ಪಮ್ಮ ಕೆಳಗಿನಿಂದ ತಲೆ ಎತ್ತಿ ನೋಡಿದರು. "ಏನವ್ವಾ, ಯಾರ ಜೊತೆ ನಗಾಕ್ ಹತ್ತೀಯ?"

"ನಮ್ಮಣ್ಣನ ಜೊತೆ ಜಗಳ, ತಿಪ್ಪಮ್ಮ."

"ಫೋನ್ ಇಲ್ಲ, ಮಾತಿಲ್ಲ. ಎಂಥ ಜಗಳ ಅದು?"

"ನಾನು ಒಳಗೆ ಹೋದ್ರೆ ಅವನು ಹೊರಗೆ ಹಾಕ್ತಾನೆ. ಅವನು ಒಳಗೆ ಬಂದ್ರೆ ನಾನು ಹಾಕ್ತೀನಿ."

ಅವರಿಗೆ ಏನು ಅರ್ಥವಾಯಿತೋ. ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಳ್ಳುತ್ತ, "ಹೊರಗೆ ಹಾಕ್ತಾನೆ ಅಂದ್ರೆ ಅಲ್ಲಿ ಅದಾನೆ ಅಂತಾತಲ್ಲ" ಎಂದು ಒಳಗೆ ಹೋದರು.

ಅಂದಿನಿಂದ ನನ್ನ ದಿನಕ್ಕೆ ಒಂದು ಆಧಾರ ಸಿಕ್ಕಿತು. ನಾನು ಕೆಲಸದಲ್ಲಿರುವಾಗ ಅವನು ಬಂದುಹೋಗುತ್ತಿದ್ದ, ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರದ ಹೊತ್ತು ಇರಬೇಕು ಎಂದು ನಾನು ಲೆಕ್ಕ ಹಾಕಿಕೊಂಡೆ. ಗೋದಾಮಿನಿಂದ ಬಂದು ಕೈಕಾಲು ತೊಳೆದು ನಾನು ಸಂಜೆ ಹೋಗುತ್ತಿದ್ದೆ. ಒಬ್ಬರ ಹೊತ್ತಿಗೆ ಇನ್ನೊಬ್ಬರು ಹೋಗದ ಹಾಗೆ ತಾನಾಗಿಯೇ ಒಪ್ಪಂದವಾಯಿತು. ನಾನು ಮಾಡಿದ ತಪ್ಪನ್ನು ಮರುದಿನ ಅವನು ಸರಿಮಾಡಿರುತ್ತಿದ್ದ. ಅವನ ಉಗ್ರಾಣ ತುಂಬಿ ತುಳುಕಿದರೆ ನಾನು ಇನ್ನೊಂದು ಕಟ್ಟುತ್ತಿದ್ದೆ. ಅವನು ಬದಲಾಗಿದ್ದಾನೆ ಎನಿಸುತ್ತಿತ್ತು. ತಿನ್ನುವ ಮಾಲು ಬೇಡ ಎನ್ನುತ್ತಿದ್ದವನು ಒಂದು ದಿನ ಪೇಟೆಯ ಮೂಲೆಯಲ್ಲಿ ಬೇಕರಿ ತೆಗೆದಿದ್ದ. ಮದುವೆ ಮನುಷ್ಯನನ್ನು ಮೆತ್ತಗೆ ಮಾಡುತ್ತದೆ, ಇನ್ನು ಕೆಲವು ದಿನಕ್ಕೆ ಫೋನೂ ಮಾಡಬಹುದು ಎಂದುಕೊಂಡೆ.

ಗಾಳಿ ಜೋರಾದ ದಿನ ಕರೆಂಟು ಹೋಗುತ್ತಿತ್ತು, ಅದರ ಹಿಂದೆಯೇ ಟವರ್. ಪೇಟೆ ಅರ್ಧಕ್ಕೆ ಮಾಯವಾಗುತ್ತಿತ್ತು. ದುಡ್ಡು ಕೊಟ್ಟು ಕೊಂಡ ವಸ್ತು, ಕೈಯಲ್ಲೇ ಇದೆ, ಆದರೂ ಎಲ್ಲೋ ಕೂತವರ ಅಪ್ಪಣೆ ಇಲ್ಲದೆ ತೆರೆಯುವುದಿಲ್ಲ. ಅಂಥ ಸಂಜೆ ಫೋನನ್ನು ಮೇಲಕ್ಕೆ ಹಿಡಿದುಕೊಂಡು ಟ್ಯಾಂಕಿನ ಸುತ್ತ ತಿರುಗುತ್ತಿದ್ದೆ.

ಮೆಕ್ಕೆಜೋಳ ಮುರಿಯುವ ಕಾಲಕ್ಕೆ ಮಳೆ ಹಿಡಿಯಿತು. ಬೇಕಾದಾಗ ಬಾರದೆ ಬೇಡವಾದಾಗ ಬಂದ ಮಳೆ. ಗೋದಾಮಿನ ಮುಂದೆ ಟ್ರ್ಯಾಕ್ಟರುಗಳ ಸಾಲು. ದಿನವಿಡೀ ನನ್ನ ಬಾಯಲ್ಲಿ ವಾಪಸ್ಸು, ವಾಪಸ್ಸು ಎಂಬ ಮಾತೇ. ಆ ಹುಳಿ ವಾಸನೆ ಬಟ್ಟೆಗೆ, ಕೂದಲಿಗೆ ಮೆತ್ತಿಕೊಳ್ಳುತ್ತಿತ್ತು. ಜನ ಬೈಯುತ್ತಿರಲಿಲ್ಲ, ಆದರೆ ನಾನು ಹಾದು ಹೋದರೆ ಮಾತು ನಿಲ್ಲಿಸುತ್ತಿದ್ದರು. ಅಷ್ಟರಲ್ಲೇ ನನಗೆ ಜ್ವರ ಬಂತು. ಒಂದು ವಾರ ಏಳಲಾಗಲಿಲ್ಲ. ತಿಪ್ಪಮ್ಮ ಗಂಜಿ ತಂದು ತಲೆದೆಸೆಯಲ್ಲಿಟ್ಟು ಹೋಗುತ್ತಿದ್ದರು. ಎದ್ದು ಮೊದಲ ಸಲ ಪೇಟೆಗೆ ಹೋದಾಗ ನನ್ನ ಜಮಖಾನೆ ಕಾರ್ಖಾನೆಯ ಮುಂದೆ ಮರಗಳಿದ್ದವು, ಮರದ ಕೆಳಗೆ ಒಂದು ಕಲ್ಲುಬೆಂಚು. ಆಟದಲ್ಲಿ ಮರಕ್ಕೆ ಏನೂ ಪ್ರಯೋಜನವಿಲ್ಲ, ಅದರಿಂದ ವ್ಯಾಪಾರ ಹೆಚ್ಚುವುದಿಲ್ಲ. ನಾನು ಬಾರದ್ದನ್ನು ಅಣ್ಣ ಗಮನಿಸಿದ್ದಾನೆ. ಅಂದು ರೊಟ್ಟಿ ಕೊಡಲು ಬಂದ ತಿಪ್ಪಮ್ಮನಿಗೆ, "ನಮ್ಮಣ್ಣ ಮರ ನೆಟ್ಟಾನೆ" ಎಂದೆ. ಜ್ವರ ಇನ್ನೂ ಇಳಿದಿಲ್ಲವೇನೋ ಎಂದು ಅವರು ನನ್ನ ಹಣೆ ಮುಟ್ಟಿ ನೋಡಿದರು.

ಚಳಿ ಮುಗಿದು ಬಿಸಿಲು ಏರುವ ಹೊತ್ತಿಗೆ ಆಟದ ಬಾಗಿಲಲ್ಲಿ ಒಂದು ಪ್ರಕಟಣೆ ಬಂತು. ಕಂಪನಿ ಈ ಆಟದ ಸರ್ವರುಗಳನ್ನು ನಿಲ್ಲಿಸಲಿದೆ, ಇಂಥ ದಿನದ ನಂತರ ಆಟ ತೆರೆಯುವುದಿಲ್ಲ, ಇಷ್ಟು ದಿನ ಜೊತೆಗಿದ್ದದ್ದಕ್ಕೆ ಧನ್ಯವಾದ. ಮೂರು ಸಲ ಓದಿದೆ. ಜಗತ್ತಿನಲ್ಲಿ ಯಾರು ಯಾರೋ ಅದಕ್ಕೆ ಸಿಟ್ಟಾಗಿ ಬರೆದಿದ್ದರು. ಕೊಂಡ ಮೇಲೆ ನಮ್ಮದಲ್ಲವೇ, ಹಾಜರಿ ಕೇಳುವುದನ್ನು ನಿಲ್ಲಿಸಿ ಆಟವನ್ನು ನಮಗೇ ಬಿಡಿ ಎಂದು. ಅವರು ಹೇಳುವುದು ನ್ಯಾಯವೇ. ಆದರೆ ನನ್ನ ಹೆದರಿಕೆ ಬೇರೆಯಾಗಿತ್ತು. ಆ ದಿನದ ನಂತರ ಅಣ್ಣ ಇದ್ದಾನೆ ಎಂದು ನನಗೆ ಹೇಳುವವರು ಯಾರೂ ಉಳಿಯುವುದಿಲ್ಲ.

ಕೊನೆಯ ದಿನ ಅರ್ಧ ರಜೆ ಹಾಕಿ ಮಧ್ಯಾಹ್ನವೇ ಬಂದೆ. ಮೆಟ್ಟಿಲು ಕಾದಿದ್ದವು, ಗೋಣಿಚೀಲ ಹಾಸಿಕೊಂಡು ಕೂತೆ. ಬೀದಿ ಬೀದಿ ನೋಡಿದೆ. ಬೇಕರಿಯ ಮುಂದೆ ಪುಟ್ಟ ಪುಟ್ಟ ಮನುಷ್ಯರು ಸಾಲು ನಿಂತಿದ್ದರು. ಅಷ್ಟರಲ್ಲಿ ಪರದೆ ಕಪ್ಪಾಯಿತು. ನಿಮ್ಮ ಖಾತೆ ಇನ್ನೊಂದು ಕಡೆ ತೆರೆದಿದೆ. ಬಂದನಲ್ಲ ಎನಿಸಿತು. ಕೊನೆಯ ಹೊತ್ತು ಅವನೇ ಇರಲಿ, ಅವನು ಕಟ್ಟಿದ ಪೇಟೆ ಎಂದುಕೊಂಡು ನಾನು ಮತ್ತೆ ಒಳಗೆ ಹೋಗಲಿಲ್ಲ. ಬಿಸಿಲು ಇಳಿಯುವವರೆಗೆ ಮುಚ್ಚಿದ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಇದ್ದೆ. ಮರುದಿನ ಒತ್ತಿ ನೋಡಿದರೆ ಸರ್ವರ್ ಸಿಗುತ್ತಿಲ್ಲ ಎಂದು ಬಂತು. ಅದರ ಮರುದಿನವೂ ಒತ್ತಿದೆ. ಆ ವಾರ ತಿಪ್ಪಮ್ಮನ ಮನೆಯ ಮೆಟ್ಟಿಲು ನನಗೆ ಊರಿನ ಬಸ್ ನಿಲ್ದಾಣಕ್ಕಿಂತ ಪರಕೀಯವಾಗಿ ಕಂಡಿತು.

ತಡೆಯಲಾಗದೆ ಮುಂದಿನ ಭಾನುವಾರ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಇಳಿದು ಬಸ್ಸು ಬದಲಿಸಿ ಹೊನ್ನಾಳಿಗೆ ಹೋದೆ. ಹೊಳೆಯಲ್ಲಿ ನೀರು ಇಳಿದು ಬಂಡೆಗಳು ಎದ್ದಿದ್ದವು. ಅಂಗಡಿಗೆ ಬೀಗ ಹಾಕಿತ್ತು. ಮನೆಯ ಬಾಗಿಲು ತಟ್ಟಿದೆ. ನನಗಿಂತ ಚಿಕ್ಕವಳೊಬ್ಬಳು ಬಾಗಿಲು ತೆರೆದು ನನ್ನನ್ನೇ ನೋಡಿದಳು. ಗೋಡೆಯ ಮೇಲೆ ಅಮ್ಮನ ಜೊತೆಗಿನ ನನ್ನ ಫೋಟೋ ಇನ್ನೂ ಇತ್ತು. ಅದರಿಂದ ಗುರುತು ಹಿಡಿದಳೆಂದು ಆಮೇಲೆ ತಿಳಿಯಿತು.

"ಅಕ್ಕ, ಒಳಗೆ ಬರ್ರಿ" ಎಂದಳು. "ನಿಮ್ಮಣ್ಣ ಗೋವಿನಕೋವಿಗೆ ಹೋಗ್ಯಾರೆ. ಮದುವಿ ಮನೀಗೆ ಹಾಸಿಗೆ ಮುಟ್ಟಿಸಾಕೆ."

ಪರ್ವೀನ್ ಅವಳ ಹೆಸರು. ವಯಸ್ಸಿನಲ್ಲಿ ಚಿಕ್ಕವಳಾದರೂ ಸಂಬಂಧದಲ್ಲಿ ನನಗೆ ಅತ್ತಿಗೆ. ಅವಳು ನನಗೆ ಅಕ್ಕ ಎಂದರೆ ನಾನು ಅವಳಿಗೆ ಅತ್ತಿಗೆ ಎಂದೆ, ಇಬ್ಬರಿಗೂ ಸಣ್ಣ ನಗು ಬಂತು. ಚಹಾ ತಂದು ಎದುರಿಗೆ ಕೂತವಳು ಬಹಳ ಹೊತ್ತು ಲೋಟದ ಅಂಚು ಒರೆಸುತ್ತಿದ್ದಳು. ಆಮೇಲೆ ಕೇಳಿದಳು. "ಅಕ್ಕ, ಆವಾಗ ಒಂದು ವಾರ ನೀವು ಬರಲೇ ಇಲ್ಲಲ್ಲ. ಹುಷಾರಿರಲಿಲ್ಲೇನು?"

ನನಗೆ ತಿಳಿಯಲಿಲ್ಲ. "ಎಲ್ಲಿಗೆ?"

"ಪೇಟೆಗೆ."

ನಾನು ಲೋಟ ಕೆಳಗಿಟ್ಟೆ.

"ಅದು ನೀವಾ?"

"ಹೂಂರಿ. ಲ್ಯಾಪ್‌ಟಾಪು ಮಂಚದ ಕೆಳಗಿತ್ತು. ಇವರು ಹೋದ್ರೆ ಸಂಜಿಗೇ ಬರೋದು. ಈ ಊರಾಗೆ ನನಗೆ ಯಾರ ಪರಿಚಯನೂ ಇಲ್ಲ. ಒಂದಿನ ತೆಗೆದು ನೋಡ್ದೆ, ಆಟ ಇತ್ತು. ಪಾಸ್‌ವರ್ಡ್ ಕೇಳಲೇ ಇಲ್ಲ, ಒಳಗೇ ಬಿಡ್ತು. ಆಡ್ತಾ ಇದ್ದೆ. ಆ ಭಾನುವಾರ ಯಾರೋ ಹೊರಗೆ ಹಾಕಿದ್ರು ನೋಡ್ರಿ, ಮೊದ್ಲು ಹೆದರಿದೆ. ಆಮೇಲೆ ತಿಳೀತು ನೀವೇ ಅಂತ."

"ಹೆಂಗೆ ತಿಳೀತು?"

"ಈ ಮನೆಯಾಗೆ ಇಲ್ಲದೋರು ನೀವೊಬ್ರೇ ಅಲ್ಲೇನು?"

ಬೇಕರಿ ಅವಳದೇ. ಅವಳಪ್ಪ ಚನ್ನಗಿರಿಯಲ್ಲಿ ಬೇಕರಿಯ ಒಲೆ ಮುಂದೆ ದುಡಿದವರು. ಮರಗಳೂ ಅವಳವೇ. ನಾನು ಮಲಗಿದ್ದ ಆ ವಾರ ದಿನಾ ಸಂಜೆ, ಅಣ್ಣ ಬರುವ ಮೊದಲು, ಯಾರಾದರೂ ತನ್ನನ್ನು ಹೊರಗೆ ಹಾಕುತ್ತಾರೇನೋ ಎಂದು ಕಾದು ಕೂತಿದ್ದಳಂತೆ. "ಹಾಕಲಿಲ್ಲ. ಅದಕ್ಕೇ ಮರದ ಕೆಳಗೆ ಬೆಂಚು ಹಾಕಿಟ್ಟೆ" ಎಂದಳು.

"ಕೊನೇ ದಿನ ನೀವು ಒಳಗಿದ್ರಲ್ಲ?"

"ಎಲ್ಲಿ! ಒಳಗೆ ಹೋಗ್ತಿದ್ದಂಗೆ ಇನ್ನೊಂದು ಕಡೆ ತೆರೆದಿದ್ದನ್ನ ಮುಚ್ಚೀವಿ ಅಂತ ಬಂತು. ನೀವಿದ್ರಿ ಅಂತ ಗೊತ್ತಾಗಿ ಕೂಡ್ಲೇ ಹೊರಗೆ ಬಂದೆ. ನೀವು ಮತ್ತೆ ಬರ್ಲಿ ಅಂತ."

ಕೊನೆಯ ಹೊತ್ತಿನಲ್ಲಿ ಆ ಪೇಟೆಯಲ್ಲಿ ಯಾರೂ ಇರಲಿಲ್ಲ.

ನಾನು ಕೇಳಬೇಕೆಂದಿದ್ದ ಪ್ರಶ್ನೆಗೆ ಅವಳೇ ಉತ್ತರಿಸಿದಳು, ತಲೆ ತಗ್ಗಿಸಿ. "ಇವರಿಗೆ ಇದೇನೂ ಗೊತ್ತಿಲ್ರಿ. ನಿಮ್ಮ ಹೆಸರು ತೆಗೆದ್ರೆ ಎದ್ದು ಹೋಗ್ತಾರೆ. ಊಟದ ಮುಂದಿಂದಾದ್ರೂ ಸೈ."

ಅಷ್ಟು ತಿಂಗಳು ಅಣ್ಣ ಜೊತೆಗಿದ್ದಾನೆಂದು ನಂಬಿ ಬದುಕಿದ್ದೆ, ಜೊತೆಗಿದ್ದವಳು ಎದುರಿಗೆ ಕೂತಿದ್ದ ಈ ಹುಡುಗಿ. ಅವಳ ಮೇಲೆ ಒಂದು ಕ್ಷಣ ಸಿಟ್ಟೂ ಬಂತು, ಸುಳ್ಳು ಹೇಳಲಾರೆ. ಮರುಕ್ಷಣ, ಈ ಗೋಡೆಗಳ ನಡುವೆ ಮಧ್ಯಾಹ್ನಗಳನ್ನು ಒಬ್ಬಳೇ ಕಳೆದ ಅವಳೂ ಕಂಡಳು.

ಹೊರಗೆ ಲಗೇಜ್ ಆಟೋ ನಿಂತ ಸದ್ದಾಯಿತು. ಅಣ್ಣ ಬಂದ. ಹುಬ್ಬಿನ ಮೇಲೆ ಹತ್ತಿಯ ಎಳೆ ಅಂಟಿತ್ತು, ಅಪ್ಪನಿಗೆ ಅಂಟುತ್ತಿದ್ದ ಹಾಗೆಯೇ. ನನ್ನನ್ನು ಕಂಡು ಹೊಸ್ತಿಲಲ್ಲಿ ನಿಂತ.

"ಯಾವಾಗ ಬಂದೆ?"

"ಈಗಷ್ಟೇ."

ಏನಾದರೂ ಹೇಳಬೇಕೆಂದು, "ಅಣ್ಣ, ನಮ್ಮ ಪೇಟೆ ಆಟ ಮುಚ್ಚಿಬಿಟ್ರು" ಎಂದೆ.

"ಯಾವ ಆಟ?" ಎಂದ. ಆಮೇಲೆ ನೆನಪು ಮಾಡಿಕೊಂಡು, "ಅಮ್ಮ ಇದ್ದಾಗ ಆಡ್ತಿದ್ವಲ್ಲ, ಅದಾ? ಅದಿನ್ನೂ ಇತ್ತಾ?" ಎಂದ. ಪರ್ವೀನ್ ನೆಲ ನೋಡುತ್ತಿದ್ದಳು. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು, ಅಂಗಡಿಯಲ್ಲಿ ಕೆಲಸವಿದೆ ಎಂದು ಹೊರಟುಹೋದ. ಭಾನುವಾರ ಆ ಬೀದಿಯ ಅಂಗಡಿಗಳೆಲ್ಲ ಮುಚ್ಚಿರುತ್ತವೆ.

ಪರ್ವೀನ್ ಬಸ್ ನಿಲ್ದಾಣದವರೆಗೆ ಬಂದಳು. ದಾರಿಯುದ್ದಕ್ಕೂ ನಾವು ಮಾತಾಡಿದ್ದು ಪೇಟೆಯ ವಿಷಯವೇ. ನನ್ನ ನಂಬರನ್ನು ತನ್ನ ಫೋನಿಗೆ ಹಾಕಿಕೊಂಡಳು. ಬಸ್ಸು ಹೊರಟಾಗ ಕೈ ಬೀಸಲಿಲ್ಲ, ಸೆರಗನ್ನು ಹಿಡಿದುಕೊಂಡು ನಿಂತೇ ಇದ್ದಳು.

ದಾವಣಗೆರೆಯಲ್ಲಿ ಜಗಳೂರಿನ ಬಸ್ಸು ಹತ್ತಿ ಕೂತಾಗ ಅವಳ ಫೋನು.

"ಮುಟ್ಟಿದ್ರಾ, ಅಕ್ಕ?"

ಜಗಳೂರಿಗೆ ಬಂದಾಗಿನಿಂದ ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ. "ಇನ್ನೂ ಇಲ್ಲ. ಅಣ್ಣ ಬಂದ್ನಾ?"

"ಬಂದ್ರು. ಉಣ್ಣಾಕೆ ಕುಂತಾರೆ." ಅವಳು ದನಿ ತಗ್ಗಿಸಿದಳು. "ಫೋನ್ ಯಾರಿಗೆ ಅಂದ್ರು. ನಿಮ್ಮ ತಂಗಿಗೆ ಅಂದೆ."

"ಏನಂದ?"

"ಏನೂ ಅನ್ಲಿಲ್ಲ." ಆ ಕಡೆ ತಟ್ಟೆಯ ಸದ್ದು ನನಗೂ ಕೇಳಿಸುತ್ತಿತ್ತು. "ಎದ್ದು ಹೋಗಲಿಲ್ಲರಿ."